ಬೇರೆಯವರ ಕಥೆ, ಎಐ ಮಾಡಿದ ಚಿತ್ರ: ಈ ಕಾಮಿಕ್ಸ್‌ನ ಹಕ್ಕು ಯಾರದು?

ಪ್ರಶ್ನೆ: ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ. 1990ರ ದಶಕದಲ್ಲಿ ಪ್ರಕಟವಾದದ್ದು, ಬರೆದವರು ಈಗಲೂ ಇದ್ದಾರೆ. ಹೊಳೆಗೆ ಸೇತುವೆ ಬಂದ ಮೇಲೆ ಕೆಲಸ ಕಳೆದುಕೊಂಡ ಅಂಬಿಗನ ಕಥೆ ಅದು. ಇಡೀ ಕಥೆಯನ್ನು ಟೈಪ್ ಮಾಡಿ ಎಐ ಚಾಟ್‌ಬಾಟ್‌ಗೆ ಕೊಟ್ಟು 48 ಪುಟದ ಕಾಮಿಕ್ಸ್ ಸ್ಕ್ರಿಪ್ಟ್ ಮಾಡಿಸಿದೆ. ಚಿತ್ರಗಳನ್ನು ಇನ್ನೊಂದು ಎಐ ಟೂಲ್‌ನಲ್ಲಿ ಮಾಡಿಸುತ್ತಿದ್ದೇನೆ. ನಾನು ಮೆಚ್ಚುವ ಒಬ್ಬ ಕಲಾವಿದರ ಶೈಲಿ ಬರಲಿ ಎಂದು ಪ್ರಾಂಪ್ಟ್‌ನಲ್ಲಿ (ಎಐಗೆ ಕೊಡುವ ಸೂಚನೆಯಲ್ಲಿ) ಅವರ ಹೆಸರು ಹಾಕಿದ್ದೇನೆ, ಅವರ ಕೆಲವು ಚಿತ್ರಗಳನ್ನು ಮಾದರಿಯಾಗಿ ಅಪ್‌ಲೋಡ್ ಕೂಡ ಮಾಡಿದ್ದೇನೆ. ಕಥೆಯಲ್ಲಿ ಪಾತ್ರಗಳ ಹೆಸರು ಬದಲಿಸಿದ್ದೇನೆ, ಕೊನೆಯನ್ನೂ ಸ್ವಲ್ಪ ತಿರುಗಿಸಿದ್ದೇನೆ. ಮೊದಲ ಎಂಟು ಪುಟಗಳನ್ನು ಈಗಾಗಲೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೇನೆ. ಮುಂದೆ ಇ-ಪುಸ್ತಕವಾಗಿ ಮಾರುವ ಯೋಚನೆ ಇದೆ. ಗೆಳೆಯರಲ್ಲಿ ಒಬ್ಬರು ‘ಶೇ 30ರಷ್ಟು ಬದಲಿಸಿದರೆ ಸಾಕು’ ಎನ್ನುತ್ತಾರೆ. ಇನ್ನೊಬ್ಬರು ‘ಎಐ ಮಾಡಿದ್ದಕ್ಕೆ ಕಾಪಿರೈಟೇ ಇಲ್ಲ, ಯಾರೂ ಕೇಳುವಂತಿಲ್ಲ’ ಎನ್ನುತ್ತಾರೆ. ಮತ್ತೊಬ್ಬರ ಪ್ರಕಾರ, ದುಡ್ಡು ಕೊಟ್ಟು ಚಂದಾದಾರನಾಗಿರುವುದರಿಂದ ಬಂದದ್ದೆಲ್ಲ ನನ್ನದೇ. ನಾನು ಯಾರ ಹಕ್ಕನ್ನಾದರೂ ಮುರಿಯುತ್ತಿದ್ದೇನೆಯೇ? ನನ್ನ ಕಾಮಿಕ್ಸ್ ಅನ್ನು ಬೇರೆಯವರು ಕದ್ದರೆ ನಾನು ತಡೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನಿಮ್ಮ ಗೆಳೆಯರು ಅವೆರಡನ್ನೂ ಒಂದೇ ಎಂದುಕೊಂಡಿದ್ದಾರೆ. ಮೊದಲನೆಯದು, ನೀವು ಮಾಡಿದ್ದು ಬೇರೆಯವರ ಹಕ್ಕಿಗೆ ಧಕ್ಕೆ ತರುತ್ತದೆಯೇ ಎಂಬುದು. ಎರಡನೆಯದು, ನೀವು ಮಾಡಿದ್ದರಲ್ಲಿ ನಿಮಗೇ ಹಕ್ಕು ಹುಟ್ಟುತ್ತದೆಯೇ ಎಂಬುದು. ಒಂದರ ಉತ್ತರದಿಂದ ಇನ್ನೊಂದರ ಉತ್ತರ ಬರುವುದಿಲ್ಲ. ಎಐ ಮಾಡಿದ ಚಿತ್ರಕ್ಕೆ ಹಕ್ಕುಸ್ವಾಮ್ಯ (ಕಾಪಿರೈಟ್) ಸಿಗದೇ ಇರಬಹುದು, ಹಾಗಿದ್ದೂ ಅದೇ ಚಿತ್ರ ಬೇರೊಬ್ಬರ ಹಕ್ಕುಸ್ವಾಮ್ಯ ಮುರಿದಿರಬಹುದು. ಈಗಿರುವ ಹಾಗೆ ನಿಮ್ಮ ಕಾಮಿಕ್ಸ್ ಎರಡೂ ಕಡೆ ಸೋಲುವ ಜಾಗದಲ್ಲಿದೆ: ಮೂಲ ಲೇಖಕರು ನಿಮ್ಮನ್ನು ತಡೆಯಬಲ್ಲರು, ನೀವು ಮಾತ್ರ ನಿಮ್ಮ ನಕಲುಗಾರರನ್ನು ತಡೆಯುವುದು ಕಷ್ಟ. ಇದನ್ನು ಸರಿಪಡಿಸುವ ದಾರಿಗಳಿವೆ. ಅದಕ್ಕೆ ಮೊದಲು ತೊಡಕು ಎಲ್ಲಿದೆ ಎಂಬುದು ಸ್ಪಷ್ಟವಾಗಬೇಕು.

ಶೇ 30ರ ಮಾತನ್ನು ಮೊದಲು ಬದಿಗಿಡಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ, ಅಮೆರಿಕದ ಕಾನೂನಿನಲ್ಲೂ ಇಲ್ಲ. ನ್ಯಾಯಾಲಯಗಳು ಎಷ್ಟು ಬದಲಾಯಿತು ಎಂದು ಅಳೆಯುವುದಿಲ್ಲ. ಮೂಲದಿಂದ ಏನನ್ನು ತೆಗೆದುಕೊಂಡಿರಿ, ತೆಗೆದುಕೊಂಡದ್ದು ಮೂಲದ ಜೀವಾಳವೇ ಎಂದು ನೋಡುತ್ತವೆ. ನೂರು ಪುಟ ಹೊಸದಾಗಿ ಸೇರಿಸಿದರೂ ತೆಗೆದುಕೊಂಡ ಹತ್ತು ಪುಟ ತೆಗೆದುಕೊಂಡದ್ದಾಗಿಯೇ ಉಳಿಯುತ್ತದೆ.

ನಿಮ್ಮ ವಿಷಯದಲ್ಲಿ ಕಾನೂನು ಇನ್ನೂ ನೇರವಾಗಿದೆ. ಕೃತಿಯನ್ನು ಪ್ರತಿ ಮಾಡುವ ಹಕ್ಕಿನ ಜೊತೆಗೆ ಅನುವಾದದ ಹಕ್ಕು, ರೂಪಾಂತರದ ಹಕ್ಕು ಕೂಡ ಸೆಕ್ಷನ್ 14ರ ಪ್ರಕಾರ ಹಕ್ಕುದಾರರಿಗೇ ಸೇರಿದ್ದು. ರೂಪಾಂತರ ಎಂದರೇನು ಎಂದು ಸೆಕ್ಷನ್ 2(ಎ) ಹೇಳುತ್ತದೆ. ಸಾಹಿತ್ಯ ಕೃತಿಯನ್ನು ನಾಟಕವಾಗಿಸುವುದು, ಸಂಕ್ಷೇಪಿಸುವುದು ಅದರಲ್ಲಿ ಸೇರಿವೆ. ಇವುಗಳ ಜೊತೆಗೆ, ಕಥೆಯನ್ನು ಪೂರ್ತಿಯಾಗಿ ಅಥವಾ ಮುಖ್ಯವಾಗಿ ಚಿತ್ರಗಳ ಮೂಲಕ ಹೇಳಿ, ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚು ಹಾಕಬಹುದಾದ ರೂಪಕ್ಕೆ ತರುವುದೂ ರೂಪಾಂತರ ಎಂದು ಅಲ್ಲಿ ಬಿಡಿಸಿ ಬರೆದಿದೆ. ಕಾಮಿಕ್ಸ್ ಎಂದರೆ ಅದೇ ಅಲ್ಲವೇ? ಹಾಗಾಗಿ ಇದು ವ್ಯಾಖ್ಯಾನಕ್ಕೆ ಬಿಟ್ಟ ಸಂಗತಿಯಲ್ಲ. ಅನುಮತಿ ಇಲ್ಲದೆ ಮಾಡಿ ಪ್ರಕಟಿಸಿದರೆ ಉಲ್ಲಂಘನೆ.

ಹಾಗಾದರೆ ಅಂಬಿಗನ ಕಥೆಯನ್ನು ಇನ್ನು ಯಾರೂ ಬರೆಯಬಾರದೇ? ಬರೆಯಬಹುದು. ಹಕ್ಕುಸ್ವಾಮ್ಯ ವಿಚಾರಕ್ಕಲ್ಲ, ಅದನ್ನು ಹೇಳಿದ ರೀತಿಗೆ. ಈ ಗೆರೆಯನ್ನು ಭಾರತದಲ್ಲಿ ಎಳೆದದ್ದು 1978ರ ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ತೀರ್ಪು. ಪ್ರಾಂತೀಯ ಭಾವನೆಯನ್ನು ವಸ್ತುವಾಗಿಟ್ಟುಕೊಂಡ ಒಂದು ನಾಟಕವನ್ನು ಕದ್ದು ಸಿನಿಮಾ ಮಾಡಿದ್ದಾರೆ ಎಂಬ ದೂರು ಅದು. ವಸ್ತು ಒಂದೇ ಆದರೂ ಹೇಳಿದ ಬಗೆ ಬೇರೆ ಎಂದು ಸುಪ್ರೀಂ ಕೋರ್ಟ್ ದೂರನ್ನು ಒಪ್ಪಲಿಲ್ಲ. ಎರಡನ್ನೂ ಓದಿದ ಅಥವಾ ನೋಡಿದ ಸಾಮಾನ್ಯ ಮನುಷ್ಯನಿಗೆ ‘ಇದು ಅದರದೇ ನಕಲು’ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಅನ್ನಿಸುತ್ತದೆಯೇ ಎಂಬುದೇ ಅಲ್ಲಿ ಹಾಕಿಕೊಟ್ಟ ಪರೀಕ್ಷೆ.

ನಿಮ್ಮ ಕಥೆಗೆ ಇದನ್ನು ಹಚ್ಚಿ ನೋಡೋಣ. ಸೇತುವೆ ಬಂದು ಅಂಬಿಗನ ಕೆಲಸ ಹೋಯಿತು ಎಂಬುದು ವಸ್ತು, ಅದು ಎಲ್ಲರದು. ಕೆಲಸ ಹೋದ ಅಂಬಿಗ ಆ ಸೇತುವೆಯ ಮೇಲೆಯೇ ಕಾವಲು ಕೆಲಸಕ್ಕೆ ಸೇರುತ್ತಾನೆ ಎಂಬಷ್ಟು ಹೇಳಿದರೂ ಇನ್ನೂ ಬಹುಮಟ್ಟಿಗೆ ವಿಚಾರವೇ. ಮುಂದೆ, ಉದಾಹರಣೆಗೆ, ಹೀಗೆ ಒಂದೊಂದೇ ಕೂಡುತ್ತ ಹೋಯಿತೆನ್ನಿ: ಮೊದಲ ಬಸ್ಸು ಸೇತುವೆ ದಾಟಿದ ದಿನ ಅವನು ದೋಣಿಯನ್ನು ಮನೆಯಂಗಳಕ್ಕೆ ಎಳೆದು ತರುವುದು, ಮೊಮ್ಮಗಳು ಅದರೊಳಗೆ ಕೂತು ಪಾಠ ಓದುವುದು, ನೆರೆ ಬಂದ ರಾತ್ರಿ ಅದೇ ದೋಣಿ ಬೇಕಾಗುವುದು. ಯಾವ ಘಟನೆಯ ಹಿಂದೆ ಯಾವುದು, ಅಲ್ಲಿ ಯಾರು ಏನು ಮಾತಾಡುತ್ತಾರೆ ಎಂಬುದೆಲ್ಲ ಒಟ್ಟಾದಾಗ ಅದು ಲೇಖಕರ ಸ್ವಂತ ಅಭಿವ್ಯಕ್ತಿ. ಹೆಸರು ಬದಲಿಸುವುದು ಈ ಪದರಗಳಲ್ಲಿ ತೀರ ಮೇಲಿನ ತೆಳು ಪದರ. ಕೊನೆಯನ್ನು ತಿರುಗಿಸಿದರೂ ಅದಕ್ಕೆ ಮುಂಚಿನ 44 ಪುಟಗಳಲ್ಲಿ ಘಟನೆಗಳ ಸರಣಿ ಮೂಲದ್ದೇ ಆಗಿದ್ದರೆ, ಓದುಗನಿಗೆ ಮೂಡುವ ಅಭಿಪ್ರಾಯ ಬದಲಾಗುವುದಿಲ್ಲ.

ನಡುವೆ ಎಐ ಬಂದದ್ದರಿಂದ ಈ ಕೊಂಡಿ ಕಡಿಯುವುದಿಲ್ಲ. ‘ವಾಕ್ಯಗಳನ್ನು ನಾನು ಬರೆದಿಲ್ಲ, ಯಂತ್ರ ಬರೆದದ್ದು’ ಎಂಬ ವಾದ ನಿಲ್ಲದು, ಏಕೆಂದರೆ ಕಥೆಯನ್ನು ಅದಕ್ಕೆ ಕೊಟ್ಟವರು ನೀವು, ಇಂಥದ್ದು ಬೇಕು ಎಂದವರು ನೀವು, ಬಂದದ್ದನ್ನು ಪ್ರಕಟಿಸಿದವರೂ ನೀವು. ಇನ್ನೊಂದು ತೊಂದರೆಯ ಬಗ್ಗೆ ಜನ ಯೋಚಿಸುವುದೇ ಇಲ್ಲ. ನಕಲಿನ ಪ್ರಕರಣಗಳಲ್ಲಿ ಪ್ರತಿವಾದಿ ಮೂಲವನ್ನು ಓದಿದ್ದ ಎಂದು ತೋರಿಸುವುದೇ ದೂರುದಾರರಿಗೆ ಕಷ್ಟದ ಕೆಲಸವಾಗಿತ್ತು. ನಿಮ್ಮ ಚಾಟ್ ಇತಿಹಾಸದಲ್ಲಿ ಇಡೀ ಕಥೆ ಇದೆ, ಅದರ ಕೆಳಗೆ ‘ಇದನ್ನು ಕಾಮಿಕ್ಸ್ ಮಾಡು’ ಎಂಬ ನಿಮ್ಮ ಸಾಲೂ ಇದೆ. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಹಾಗೆಂದು ಈಗ ಅದನ್ನು ಅಳಿಸಲು ಹೋಗಬೇಡಿ. ವ್ಯಾಜ್ಯ ಬಂದರೆ ಸಾಕ್ಷ್ಯ ನಾಶದ ಆಪಾದನೆ ಮೂಲ ತಪ್ಪಿಗಿಂತ ಭಾರವಾಗುತ್ತದೆ.

ಇನ್‌ಸ್ಟಾಗ್ರಾಂನ ಎಂಟು ಪುಟಗಳ ವಿಷಯ. ಸೆಕ್ಷನ್ 52ರಲ್ಲಿ ಖಾಸಗಿ ಅಥವಾ ಸ್ವಂತ ಬಳಕೆ, ವಿಮರ್ಶೆ, ವರದಿಗಾರಿಕೆಯಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ಮನೆಯಲ್ಲಿ ಕೂತು ಸ್ವಂತಕ್ಕೆ ಮಾಡಿ ನೋಡಿದರೆ ಆ ನೆರಳಿನಲ್ಲಿ ನಿಲ್ಲಬಹುದು. ಎಲ್ಲರಿಗೂ ತೆರೆದ ಖಾತೆಯಲ್ಲಿ ಹಾಕಿದ ಕೂಡಲೇ ಆ ರಕ್ಷಣೆ ಹೋಗುತ್ತದೆ. ದುಡ್ಡು ಬಂದಿಲ್ಲ ಎಂಬುದು ಪರಿಹಾರದ ಮೊತ್ತವನ್ನು ಕಡಿಮೆ ಮಾಡಿಸಬಹುದು, ಉಲ್ಲಂಘನೆಯನ್ನು ಇಲ್ಲವಾಗಿಸುವುದಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ ಸೆಕ್ಷನ್ 63ರ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಲಾಭದ ವ್ಯಾಪಾರಕ್ಕಲ್ಲದೆ ಮಾಡಿದ್ದಾದರೆ ಕಾರಣ ಬರೆದು ಇದನ್ನು ಕಡಿಮೆ ಮಾಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಇಂಥ ವಿಷಯ ಸಾಮಾನ್ಯವಾಗಿ ಮೊದಲು ನೋಟಿಸ್, ಆಮೇಲೆ ತಡೆಯಾಜ್ಞೆ ಎಂಬ ದಾರಿಯಲ್ಲೇ ಸಾಗುತ್ತದೆ. ಆದರೂ ಆ ಪುಟಗಳನ್ನು ಇವತ್ತೇ ಇಳಿಸಿ, ಫೈಲ್‌ಗಳನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ಚಿತ್ರಗಳ ಕಡೆಗೆ ಬರೋಣ. ಶೈಲಿಗೆ ಹಕ್ಕುಸ್ವಾಮ್ಯ ಇಲ್ಲ ಎಂಬುದು ನಿಜ. ದಪ್ಪ ಕಪ್ಪು ಗೆರೆ, ಮಣ್ಣಿನ ಬಣ್ಣ, ಉದ್ದ ಮುಖ ಇವು ಯಾರೊಬ್ಬರ ಆಸ್ತಿಯೂ ಅಲ್ಲ. ಆದರೆ ನೀವು ಶೈಲಿಯನ್ನಷ್ಟೇ ಕೇಳಿಲ್ಲ, ಆ ಕಲಾವಿದರ ನಿಜವಾದ ಚಿತ್ರಗಳನ್ನೇ ಯಂತ್ರಕ್ಕೆ ಕೊಟ್ಟಿದ್ದೀರಿ. ಅಲ್ಲಿ ತಾಂತ್ರಿಕ ವಿವರವೇ ಕಾನೂನಿನ ಫಲಿತಾಂಶವನ್ನು ನಿರ್ಧರಿಸುತ್ತದೆ. ಹಲವು ಟೂಲ್‌ಗಳಲ್ಲಿ ಚಿತ್ರದಿಂದ ಚಿತ್ರ ಮಾಡಿಸುವಾಗ ‘ಡೀನಾಯ್ಸಿಂಗ್ ಸ್ಟ್ರೆಂತ್’ ಎಂಬ ಅಂಕಿ ಇರುತ್ತದೆ, 0ಯಿಂದ 1ರವರೆಗೆ. 0.3ರ ಆಸುಪಾಸಿನಲ್ಲಿಟ್ಟರೆ ಮೂಲ ಚಿತ್ರದ ಸಂಯೋಜನೆ, ಆಕೃತಿಗಳ ನಿಲುವು, ಬೆಳಕು ಬಂದ ದಿಕ್ಕು ಎಲ್ಲ ಹಾಗೇ ಉಳಿದು ಮೈಮೇಲಿನ ಬಣ್ಣ ಮಾತ್ರ ಬದಲಾಗುತ್ತದೆ. ಅದು ರೂಪಾಂತರವೇ. 0.8ರ ಮೇಲೆ ಹೋದರೆ ಮೂಲದ ಛಾಯೆ ಬಹಳ ಕಡಿಮೆ. ಒಬ್ಬರೇ ಕಲಾವಿದರ ಹತ್ತಿಪ್ಪತ್ತು ಚಿತ್ರಗಳಿಂದ ‘ಲೋರಾ’ ಎಂಬ ಪುಟ್ಟ ಹೆಚ್ಚುವರಿ ಮಾಡೆಲ್‌ಗೆ (ಟೂಲ್‌ನೊಳಗಿನ ಎಐ ವ್ಯವಸ್ಥೆಗೆ) ತರಬೇತಿ ಕೊಟ್ಟು ಬಳಸುವವರಿದ್ದಾರೆ. ಅದರಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಷ್ಟು ಕಡಿಮೆ ಚಿತ್ರಗಳಿಂದ ಕಲಿತ ಮಾಡೆಲ್ ಶೈಲಿಯ ಜೊತೆಗೆ ಆ ಚಿತ್ರಗಳ ತುಣುಕುಗಳನ್ನೇ ತಿರುಗಿ ಉಗುಳಬಹುದು.

‘ಹೊಸ ಶೈಲಿಯಲ್ಲಿ ಮಾಡಿದರೆ ಹೊಸ ಕೃತಿ’ ಎಂಬ ನಂಬಿಕೆಗೂ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೊಡ್ಡ ಪೆಟ್ಟು ಕೊಟ್ಟಿದೆ. ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದ ಗಾಯಕ ಪ್ರಿನ್ಸ್‌ರ ಫೋಟೊ ಆಧರಿಸಿ ಆ್ಯಂಡಿ ವಾರ್ಹೋಲ್ ಚಿತ್ರಗಳನ್ನು ಮಾಡಿದ್ದರು. ವಾರ್ಹೋಲ್‌ರ ಶೈಲಿ ಯಾರ ಕಣ್ಣಿಗೂ ಎದ್ದು ಕಾಣುವಂಥದ್ದು. ಅಷ್ಟಿದ್ದರೂ ಪತ್ರಿಕೆಗೆ ಪ್ರಿನ್ಸ್‌ರ ಚಿತ್ರ ಒದಗಿಸುವ ಅದೇ ಉದ್ದೇಶಕ್ಕೆ ಅದನ್ನು ಲೈಸೆನ್ಸ್ ಮಾಡಿದ್ದು ಛಾಯಾಗ್ರಾಹಕಿಯ ಮಾರುಕಟ್ಟೆಗೇ ಕೈ ಹಾಕಿದಂತೆ ಎಂಬ ನೆಲೆಯಲ್ಲಿ, ವಾರ್ಹೋಲ್ ಪ್ರತಿಷ್ಠಾನಕ್ಕೆ ‘ನ್ಯಾಯಯುತ ಬಳಕೆ’ಯ (ಅನುಮತಿ ಇಲ್ಲದೆಯೂ ಬಳಸಲು ಬಿಡುವ ವಿನಾಯಿತಿಯ) ಆಸರೆ ಸಿಗಲಿಲ್ಲ. ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಒಬ್ಬ ಮಹಾನ್ ಕಲಾವಿದರಿಗೆ ದೊರೆಯದ ರಿಯಾಯಿತಿ ಒಂದು ಫಿಲ್ಟರ್‌ಗೆ ದೊರೆಯುತ್ತದೆ ಎಂದು ನಾನಂತೂ ಯಾರಿಗೂ ಭರವಸೆ ಕೊಡಲಾರೆ.

ನೀವು ಯಾರ ಚಿತ್ರವನ್ನೂ ಕೊಡದೆ ಬರೀ ಪ್ರಾಂಪ್ಟ್ ಬರೆದರೂ ಹಳೆಯ ಕೃತಿಯೊಂದು ಹೊರಬರುವ ಸಾಧ್ಯತೆ ಇದೆ. ಮಾಡೆಲ್ ಎಂಬುದು ಚಿತ್ರಗಳ ಗೋದಾಮಲ್ಲ. ಕೋಟ್ಯಂತರ ಮಾದರಿಗಳಿಂದ ಕಲಿತ ಸಂಬಂಧಗಳು ಅದರಲ್ಲಿ ಸಂಖ್ಯೆಗಳಾಗಿ ಕೂತಿರುತ್ತವೆ. ಆದರೆ ತರಬೇತಿಯ ರಾಶಿಯಲ್ಲಿ ಒಂದೇ ಕೃತಿ ನೂರಾರು ಸಲ ಬಂದಿದ್ದರೆ, ಅಂದರೆ ತುಂಬ ಜನಪ್ರಿಯ ಪಾತ್ರವೋ ಹಾಡೋ ಆಗಿದ್ದರೆ, ಆ ಸಂಖ್ಯೆಗಳಿಂದ ಮೂಲವೇ ಹೆಚ್ಚುಕಡಿಮೆ ಇದ್ದ ಹಾಗೆ ಮರಳಿ ಬರಬಹುದು. ಇದನ್ನು ಕಾನೂನು ಹೇಗೆ ನೋಡಬೇಕು ಎಂಬುದರಲ್ಲಿ ನ್ಯಾಯಾಲಯಗಳಿಗೇ ಒಮ್ಮತವಿಲ್ಲ. 2025ರ ನವೆಂಬರ್ 4ರಂದು ಲಂಡನ್‌ನ ಹೈಕೋರ್ಟ್, ಫೋಟೊ ಸಂಸ್ಥೆ ಗೆಟ್ಟಿ ಇಮೇಜಸ್ ಮತ್ತು ಚಿತ್ರ ತಯಾರಿಸುವ ಎಐನ ಕಂಪನಿ ಸ್ಟೆಬಿಲಿಟಿ ಎಐ ನಡುವಿನ ಪ್ರಕರಣದಲ್ಲಿ, ಮಾಡೆಲ್ ಒಳಗೆ ಕೃತಿಗಳ ಪ್ರತಿ ಇಲ್ಲವಾದ್ದರಿಂದ ಮಾಡೆಲ್ ತಾನೇ ನಕಲಿ ಪ್ರತಿಯಾಗದು ಎಂದಿತು. ಒಂದೇ ವಾರದ ನಂತರ, ನವೆಂಬರ್ 11ರಂದು, ಮ್ಯೂನಿಕ್‌ನ ನ್ಯಾಯಾಲಯ, ಜರ್ಮನಿಯ ಸಂಗೀತ ಹಕ್ಕುಗಳ ಸಂಸ್ಥೆ ಗೇಮಾ ಮತ್ತು ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ನಡುವಿನ ಪ್ರಕರಣದಲ್ಲಿ ಒಂಬತ್ತು ಹಾಡುಗಳ ಸಾಹಿತ್ಯವನ್ನು ಮಾಡೆಲ್ ಬಾಯಿಪಾಠ ಮಾಡಿಟ್ಟುಕೊಂಡಿರುವುದೇ ಪ್ರತಿ ಮಾಡಿದಂತೆ ಎಂದಿತು. ಮಾಡೆಲ್ ಬಗ್ಗೆ ಹೀಗೆ ಭಿನ್ನಾಭಿಪ್ರಾಯ ಇದ್ದರೂ ಅದರಿಂದ ಹೊರಬಂದ ಚಿತ್ರ ಮೂಲವನ್ನು ಹೋಲುತ್ತಿದ್ದು, ಅದನ್ನು ನೀವು ಮಾರಿದರೆ, ಮೊದಲು ಸಿಕ್ಕಿಬೀಳುವವರು ನೀವು. ಆದ್ದರಿಂದ ಪ್ರಕಟಿಸುವ ಪ್ರತಿ ಚಿತ್ರವನ್ನೂ ಗೂಗಲ್ ಲೆನ್ಸ್ ಥರದ ಚಿತ್ರ ಹುಡುಕಾಟದಲ್ಲಿ ಹಾಕಿ ನೋಡಿ. ಮುಖ್ಯ ಪಾತ್ರದ ಮುಖ, ಮುಖಪುಟ ಇವೆರಡನ್ನಂತೂ ತಪ್ಪದೆ ನೋಡಿ. ಕಲಾವಿದರ ಹೆಸರನ್ನು ಪ್ರಾಂಪ್ಟ್‌ನಿಂದ ತೆಗೆದು, ನಿಮಗೆ ಬೇಕಾದ ಗುಣಗಳನ್ನು ಮಾತಿನಲ್ಲಿ ವಿವರಿಸಿ: ಗೆರೆಯ ದಪ್ಪ, ಬಣ್ಣಗಳ ಸಂಖ್ಯೆ, ಬೆಳಕು, ನೋಟದ ಕೋನ. ಪ್ರಚಾರದಲ್ಲಿ ‘ಇಂಥವರ ಶೈಲಿಯಲ್ಲಿ’ ಎಂದು ಹಾಕಿದರೆ ಅದು ಅವರ ಹೆಸರಿನ ದುರ್ಬಳಕೆ ಎಂಬ ಪ್ರತ್ಯೇಕ ದೂರಿಗೆ ದಾರಿಯಾಗುತ್ತದೆ.

‘ಎಐ ಕಂಪನಿಗಳೇ ಲಕ್ಷಾಂತರ ಪುಸ್ತಕ ಕೇಳದೆ ಬಳಸಿವೆ, ನನ್ನದೊಂದು ತಪ್ಪೇ?’ ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಅದು ಬೇರೆಯೇ ಜಗಳ. 2025ರ ಜೂನ್‌ನಲ್ಲಿ ಎಐ ಕಂಪನಿ ಆಂಥ್ರಾಪಿಕ್‌ನ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಧೀಶರು, ಪುಸ್ತಕಗಳಿಂದ ಮಾಡೆಲ್‌ಗೆ ತರಬೇತಿ ಕೊಡುವುದು ನ್ಯಾಯಯುತ ಬಳಕೆ, ಆದರೆ ಕಳ್ಳ ತಾಣಗಳಿಂದ ಪುಸ್ತಕ ಇಳಿಸಿ ಕಾಯಂ ಗ್ರಂಥಾಲಯ ಕಟ್ಟಿಕೊಂಡದ್ದು ಹಾಗಲ್ಲ ಎಂದರು. ಆ ಕಂಪನಿ ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್‌ನಂತೆ 150 ಕೋಟಿ ಡಾಲರ್‌ಗೆ ರಾಜಿಯಾಯಿತು. ಭಾರತದಲ್ಲಿ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ಮೇಲೆ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್‌ಗೆ ಹೋಗಿದೆ. ಕೃತಿಗಳ ಬಳಕೆಗೆ ಕಡ್ಡಾಯ ಲೈಸೆನ್ಸ್ ಮಾಡಿ ಹಕ್ಕುದಾರರಿಗೆ ರಾಯಧನ ಸಿಗುವಂತೆ ಮಾಡಬೇಕೆಂಬ ಪ್ರಸ್ತಾವವನ್ನು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಇವೆಲ್ಲ ತರಬೇತಿಯ ಪ್ರಶ್ನೆಗಳು. ಇದರಲ್ಲಿ ಯಾರು ಗೆದ್ದರೂ, ಒಂದು ನಿರ್ದಿಷ್ಟ ಕಥೆಯನ್ನು ಕಾಮಿಕ್ಸ್ ಮಾಡಲು ಅದರ ಲೇಖಕರ ಒಪ್ಪಿಗೆ ನಿಮಗೆ ಬೇಕೇ ಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಮಗೆ ಹಕ್ಕು ಹುಟ್ಟುತ್ತದೆಯೇ? ಚಂದಾ ಕಟ್ಟಿದ್ದರಿಂದ ಹುಟ್ಟುವುದಿಲ್ಲ. ಓಪನ್‌ಎಐನ ಷರತ್ತುಗಳನ್ನೇ ನೋಡಿ: ಔಟ್‌ಪುಟ್‌ನಲ್ಲಿ ಕಂಪನಿಗೆ ಏನಾದರೂ ಹಕ್ಕಿದ್ದ ಪಕ್ಷಕ್ಕೆ ಅದನ್ನು ಬಳಕೆದಾರರಿಗೆ ಬಿಟ್ಟುಕೊಡುತ್ತೇವೆ ಎನ್ನುತ್ತವೆ. ಇಲ್ಲದ ಹಕ್ಕನ್ನು ಕಂಪನಿ ಕೊಡಲಾಗದು. ಜೊತೆಗೆ, ನೀವು ಒಳಗೆ ಹಾಕುವ ಪಠ್ಯಕ್ಕೆ ಬೇಕಾದ ಹಕ್ಕು, ಅನುಮತಿ ನಿಮಗಿದೆ ಎಂದು ನೀವೇ ಒಪ್ಪಿ ಸಹಿ ಹಾಕಿದಂತಾಗಿರುತ್ತದೆ.

ದೇಶದಿಂದ ದೇಶಕ್ಕೆ ಉತ್ತರ ಬೇರೆ. ಅಮೆರಿಕದಲ್ಲಿ ಮನುಷ್ಯನೇ ಕರ್ತೃವಾಗಿರಬೇಕು. 2025ರ ಮಾರ್ಚ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಎಐಯನ್ನೇ ಕರ್ತೃ ಎಂದು ತೋರಿಸಿ ನೋಂದಣಿ ಕೇಳಿದ್ದ ಥೇಲರ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಬರೀ ಪ್ರಾಂಪ್ಟ್ ಬರೆಯುವುದು ಕರ್ತೃತ್ವವಾಗದು ಎಂಬುದು ಅಲ್ಲಿನ ಕಾಪಿರೈಟ್ ಕಚೇರಿಯ ನಿಲುವು. ಕನಿಷ್ಠ 624 ಸಲ ಪ್ರಾಂಪ್ಟ್ ತಿದ್ದಿ ಮಾಡಿದೆ ಎಂದ ಕಲಾವಿದರ ಚಿತ್ರಕ್ಕೂ 2023ರಲ್ಲಿ ನೋಂದಣಿ ಸಿಗಲಿಲ್ಲ. ಬೀಜಿಂಗ್‌ನ ಇಂಟರ್ನೆಟ್ ನ್ಯಾಯಾಲಯ ಅದೇ ವರ್ಷದ ನವೆಂಬರ್‌ನಲ್ಲಿ ಇದಕ್ಕೆ ಎದುರಾಗಿ, ಪ್ರಾಂಪ್ಟ್ ಮತ್ತು ಸೆಟ್ಟಿಂಗ್‌ಗಳನ್ನು ಆಯ್ದು ತಿದ್ದಿದ ಬಳಕೆದಾರನೇ ಚಿತ್ರದ ಕರ್ತೃ ಎಂದಿತು. ಭಾರತದ ಕಾಯ್ದೆಯಲ್ಲಿ 1994ರ ತಿದ್ದುಪಡಿಯಿಂದ ಬಂದ ಸೆಕ್ಷನ್ 2(ಡಿ)(6) ಇದೆ: ಕಂಪ್ಯೂಟರ್‌ನಿಂದ ಸೃಷ್ಟಿಯಾದ ಕೃತಿಗೆ, ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿಯೇ ಕರ್ತೃ. ಕೇಳಲು ನಿಮಗೆ ಅನುಕೂಲವಾಗಿಯೇ ಇದೆ. ಆದರೆ ಇಂದಿನ ಎಐ ಯಾರ ಕಲ್ಪನೆಯಲ್ಲೂ ಇಲ್ಲದ ಕಾಲದ ಮಾತು ಅದು. ಜೊತೆಗೆ ಸುಪ್ರೀಂ ಕೋರ್ಟ್‌ನ 2007ರ ಡಿಸೆಂಬರ್‌ನ ಈಸ್ಟರ್ನ್ ಬುಕ್ ಕಂಪನಿ ತೀರ್ಪಿನಂತೆ ಕೃತಿಯಲ್ಲಿ ಕೌಶಲ, ವಿವೇಚನೆ ಮತ್ತು ಕನಿಷ್ಠ ಮಟ್ಟದ ಸೃಜನಶೀಲತೆ ಇರಬೇಕು. ಒಂದು ಸಾಲಿನ ಪ್ರಾಂಪ್ಟ್ ಆ ಪರೀಕ್ಷೆ ದಾಟುತ್ತದೆ ಎಂದು ನಂಬಿ ಬಂಡವಾಳ ಹಾಕಬೇಡಿ.

ಕಾಮಿಕ್ಸ್‌ಗೆ ಅತ್ಯಂತ ಹತ್ತಿರದ ಉದಾಹರಣೆ ‘ಜಾರ್ಯ ಆಫ್ ದ ಡಾನ್’ ಎಂಬ ಕಾಮಿಕ್ಸ್ ಪುಸ್ತಕ. ಅದರ ಚಿತ್ರಗಳನ್ನು ಮಿಡ್‌ಜರ್ನಿ ಎಂಬ ಎಐ ಟೂಲ್‌ನಲ್ಲಿ ಮಾಡಿಸಲಾಗಿತ್ತು, ಮಾತುಗಳನ್ನು ಲೇಖಕಿಯೇ ಬರೆದಿದ್ದರು. 2023ರ ಫೆಬ್ರುವರಿಯಲ್ಲಿ ಅಮೆರಿಕದ ಕಚೇರಿ ಪಠ್ಯಕ್ಕೂ, ಚಿತ್ರ ಮತ್ತು ಮಾತುಗಳ ಆಯ್ಕೆ-ಜೋಡಣೆಗೂ ರಕ್ಷಣೆ ಕೊಟ್ಟು, ಬಿಡಿ ಚಿತ್ರಗಳಿಗೆ ಇಲ್ಲ ಎಂದಿತು. ಇದರ ಪರಿಣಾಮ ಏನೆಂದರೆ, ಇಡೀ ಪುಟವನ್ನು ಮಾತಿನ ಸಮೇತ ಕದ್ದವನನ್ನು ತಡೆಯಬಹುದು. ಒಂದೇ ಚೌಕಟ್ಟಿನ ಚಿತ್ರವನ್ನು ಕತ್ತರಿಸಿ ಟೀ-ಶರ್ಟ್ ಮೇಲೆ ಅಚ್ಚು ಹಾಕಿದವನನ್ನು ಅಲ್ಲಿ ತಡೆಯಲಾಗದು. ನಿಮ್ಮ ವಿಷಯದಲ್ಲಿ ಸ್ಕ್ರಿಪ್ಟ್ ಕೂಡ ಎಐ ಬರೆದದ್ದು, ಹಾಗಾಗಿ ಆ ಅರ್ಧವೂ ನಿಮ್ಮ ಕೈಯಲ್ಲಿಲ್ಲ.

ರೂಪಾಂತರಕ್ಕೆ ಇನ್ನೊಂದು ನಿಯಮವಿದೆ. ಅನುಮತಿ ಪಡೆದು ಮಾಡಿದರೂ ನಿಮ್ಮ ಹಕ್ಕು ನೀವು ಹೊಸದಾಗಿ ಸೇರಿಸಿದ ಭಾಗಕ್ಕೆ ಮಾತ್ರ, ಮೂಲ ಕಥೆಯ ಹಕ್ಕು ಲೇಖಕರದ್ದೇ. ಅನುಮತಿ ಇಲ್ಲದೆ ಮಾಡಿದ್ದಾದರೆ, ಮೂಲವನ್ನು ಅಕ್ರಮವಾಗಿ ಬಳಸಿದ ಯಾವ ಭಾಗಕ್ಕೂ ರಕ್ಷಣೆ ಇಲ್ಲವೆಂದು ಅಮೆರಿಕದ ಕಾಯ್ದೆಯ ಸೆಕ್ಷನ್ 103 ಹೇಳುತ್ತದೆ. ಮೂಲದಿಂದ ಬಂದದ್ದನ್ನೂ ಎಐ ಕೊಟ್ಟದ್ದನ್ನೂ ಕಳೆದ ಮೇಲೆ ಉಳಿಯುವಷ್ಟೇ ನಿಮ್ಮದು. ಈಗ ಅದು ಬಹುಶಃ ಕೆಲವು ಪುಟಗಳ ಜೋಡಣೆ ಮಾತ್ರ.

ಹಾಗಾದರೆ ಮಾಡುವುದೇನು? ನೀವು ಆ ಕಥೆಯನ್ನು ನಿಜವಾಗಿ ಪ್ರೀತಿಸುತ್ತೀರಿ ಎಂದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ, ಹಾಗಾಗಿ ಲೇಖಕರನ್ನು ಕೇಳುವುದೇ ಮೊದಲ ದಾರಿ. ಜನ ಇದಕ್ಕೆ ಅನಗತ್ಯವಾಗಿ ಹೆದರುತ್ತಾರೆ. ಫೋನಿನಲ್ಲಿ ‘ಆಗಲಿ, ಮಾಡಿ’ ಎಂದರೆ ಸಾಲದು, ಬರಹದಲ್ಲಿ ಬೇಕು. ಸೆಕ್ಷನ್ 30 ಹಾಗೇ ಹೇಳುತ್ತದೆ. ಅದರಲ್ಲಿ ಕೃತಿಯ ಹೆಸರು, ಕಾಮಿಕ್ಸ್ ರೂಪಾಂತರ ಎಂಬ ನಿರ್ದಿಷ್ಟ ಹಕ್ಕು, ಯಾವ ಭಾಷೆ, ಮುದ್ರಣವೋ ಇ-ಪುಸ್ತಕವೋ ಎರಡೂನೋ, ಎಷ್ಟು ವರ್ಷ, ಯಾವ ದೇಶಗಳು, ರಾಯಧನ ಎಷ್ಟು ಎಂಬುದು ಇರಲಿ. ಅವಧಿ ಬರೆಯದಿದ್ದರೆ ಕಾನೂನು ಐದು ವರ್ಷ ಎಂದುಕೊಳ್ಳುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದುಕೊಳ್ಳುತ್ತದೆ. ಇ-ಪುಸ್ತಕ ಜಗತ್ತಿನಾದ್ಯಂತ ಮಾರಾಟಕ್ಕಿರುವುದರಿಂದ ಈ ಎರಡನೆಯದನ್ನು ಮರೆತರೆ ತೊಂದರೆ ಖಚಿತ.

ಎಐ ಬಳಸುವುದನ್ನು ಆ ಪತ್ರದಲ್ಲೇ ಬಿಚ್ಚಿ ಹೇಳಿ. ಕಥೆಯ ಪಠ್ಯವನ್ನು ಯಾವ ಟೂಲ್‌ಗೆ ಹಾಕುತ್ತೀರಿ, ಅದರ ಸೆಟ್ಟಿಂಗ್‌ನಲ್ಲಿ ತರಬೇತಿಗೆ ಬಳಸದಂತೆ ಆಫ್ ಮಾಡಿದ್ದೀರಾ, ಚಿತ್ರಗಳಲ್ಲಿ ಎಐ ಪಾಲೆಷ್ಟು, ಆ ಎಂಟು ಪುಟಗಳನ್ನು ಹಾಕಿ ತೆಗೆದದ್ದು ಎಲ್ಲವನ್ನೂ. ಹೇಳದೆ ಅನುಮತಿ ಪಡೆದು ಆಮೇಲೆ ಗೊತ್ತಾದರೆ ಒಪ್ಪಂದವೇ ಮುರಿದೀತು. ಇದಲ್ಲದೆ ಸೆಕ್ಷನ್ 57ರ ವಿಶೇಷ ಹಕ್ಕೊಂದಿದೆ: ಹಕ್ಕು ಮಾರಿದ ಮೇಲೂ, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಲೇಖಕರು ಆಕ್ಷೇಪಿಸಬಹುದು. ಎಐ ತಾನಾಗಿ ತುರುಕಿದ ದೃಶ್ಯ, ಅಂಬಿಗನ ಬಾಯಲ್ಲಿ ಬಂದ ಒಗ್ಗದ ಮಾತು ಇವುಗಳಿಂದಲೇ ಇಂಥ ಜಗಳ ಹುಟ್ಟುತ್ತದೆ. ಅಂತಿಮ ಪುಟಗಳನ್ನು ಲೇಖಕರು ನೋಡಿ ಒಪ್ಪಬೇಕು ಎಂಬ ಷರತ್ತನ್ನು ನೀವಾಗಿಯೇ ಸೇರಿಸಿ. ಪ್ರಕಾಶಕರನ್ನೂ ವಿಚಾರಿಸಿ, ಏಕೆಂದರೆ 1990ರ ದಶಕದ ಒಪ್ಪಂದದಲ್ಲಿ ರೂಪಾಂತರದ ಹಕ್ಕು ಅವರಿಗೆ ಹೋಗಿರಬಹುದು. ಸಂಶಯವಿದ್ದರೆ ಇಬ್ಬರ ಸಹಿಯನ್ನೂ ಪಡೆಯಿರಿ.

ಲೇಖಕರು ಒಪ್ಪದಿದ್ದರೆ ಆ ಕಥೆ ಬಿಡಿ. ವಸ್ತುವನ್ನು ಮಾತ್ರ ಉಳಿಸಿಕೊಂಡು ನಿಮ್ಮದೇ ಅಂಬಿಗನನ್ನು ಬರೆಯಬಹುದು, ಆದರೆ ಹಳೆಯ ಸ್ಕ್ರಿಪ್ಟ್ ತಿದ್ದಬೇಡಿ, ಹೊಸ ಕಡತ ತೆರೆದು ಘಟನೆಗಳ ಸರಣಿಯನ್ನೇ ಬೇರೆ ಮಾಡಿ. ಹಕ್ಕಿನ ಅವಧಿ ಮುಗಿದ ಕೃತಿಯನ್ನು ಆರಿಸಿಕೊಳ್ಳುವುದು ಇನ್ನೊಂದು ದಾರಿ. ಭಾರತದಲ್ಲಿ ಲೇಖಕರ ಜೀವಿತಾವಧಿ, ಅದರ ಮೇಲೆ 60 ವರ್ಷ. ತೀರಿಕೊಂಡ ಮರುವರ್ಷದ ಆರಂಭದಿಂದ ಲೆಕ್ಕ. 1965ರಲ್ಲಿ ತೀರಿಕೊಂಡವರ ಕೃತಿಗಳು 2026ರ ಜನವರಿ 1ರಿಂದ ಇಲ್ಲಿ ಮುಕ್ತ. ಬಹಳಷ್ಟು ದೇಶಗಳಲ್ಲಿ ಅದು 70 ವರ್ಷ, ಹಾಗಾಗಿ ಇಲ್ಲಿ ಮುಕ್ತವಾದದ್ದು ಅಲ್ಲಿ ಮುಕ್ತವಾಗಿರದೆ ಇರಬಹುದು. ಮಾರಾಟದ ದೇಶಗಳನ್ನು ಅದಕ್ಕೆ ತಕ್ಕಂತೆ ಆರಿಸಿ. ಹಳೆಯ ಕೃತಿಯ ಹೊಸ ಅನುವಾದಕ್ಕೆ, ಅದರಲ್ಲಿನ ಚಿತ್ರಗಳಿಗೆ ಪ್ರತ್ಯೇಕ ಹಕ್ಕಿರುತ್ತದೆ ಎಂಬುದೂ ಗಮನದಲ್ಲಿರಲಿ.

ಯಾವ ದಾರಿ ಹಿಡಿದರೂ ಕೆಲಸದ ಕ್ರಮ ಬದಲಿಸಿ. ಸಂಭಾಷಣೆಯನ್ನು ನೀವೇ ಬರೆಯಿರಿ. ಪ್ರತಿ ಪುಟದ ಚೌಕಟ್ಟುಗಳ ವಿನ್ಯಾಸವನ್ನು ಪೆನ್ಸಿಲ್‌ನಲ್ಲಿ ಬಿಡಿಸಿ, ಅದರ ಮೇಲೆ ದಿನಾಂಕ ಹಾಕಿ ಸ್ಕ್ಯಾನ್ ಮಾಡಿ. ಆ ರೇಖಾಚಿತ್ರ ನಿಮ್ಮದೇ ಕೃತಿ, ಎಐಗೆ ಆಧಾರವಾಗಿ ಕೊಡಬೇಕಾದದ್ದು ಅದನ್ನು, ಬೇರೆಯವರ ಚಿತ್ರವನ್ನಲ್ಲ. ಎಐ ಕೊಟ್ಟ ಚಿತ್ರದಲ್ಲಿ ಅಂಬಿಗನ ಮುಖ, ಕೈ, ದೋಣಿಯ ಆಕಾರ ಇವನ್ನು ಬೇರೆ ಲೇಯರ್‌ನಲ್ಲಿ ಕೈಯಾರೆ ಮತ್ತೆ ಬಿಡಿಸಿ, ಲೇಯರ್‌ಗಳನ್ನು ಒಂದಾಗಿಸದೆ ಉಳಿಸಿ. ಚಿತ್ರದ ಒಂದೊಂದೇ ಭಾಗವನ್ನು ಆರಿಸಿ ತಿದ್ದುತ್ತ ಹೋಗುವ ವಿಧಾನಕ್ಕೂ ಬೆಲೆ ಇದೆ: 2025ರ ಜನವರಿಯಲ್ಲಿ ಅಮೆರಿಕದ ಕಚೇರಿ ಹೀಗೆ ಹಂತ ಹಂತವಾಗಿ ಜೋಡಿಸಿದ ಎಐ ಚಿತ್ರವೊಂದನ್ನು ಆಯ್ಕೆ-ಜೋಡಣೆಯ ನೆಲೆಯಲ್ಲಿ ನೋಂದಾಯಿಸಿತು, ಹಂತಗಳ ದಾಖಲೆ ಅರ್ಜಿದಾರರ ಬಳಿ ಇತ್ತು.

ನಿಮ್ಮಲ್ಲೂ ಅಂಥ ದಾಖಲೆ ಇರಲಿ. ಒಂದು ಸ್ಪ್ರೆಡ್‌ಶೀಟ್ ಸಾಕು: ಪುಟ, ಚೌಕಟ್ಟು, ರೇಖಾಚಿತ್ರದ ಫೈಲ್ ಹೆಸರು, ಟೂಲ್ ಮತ್ತು ಅದರ ಆವೃತ್ತಿ, ಪ್ರಾಂಪ್ಟ್, ಕೈಯಲ್ಲಿ ಮಾಡಿದ ಬದಲಾವಣೆ, ದಿನಾಂಕ. ಪುಸ್ತಕ ಮುಗಿದ ಮೇಲೆ ಕೂತು ನೆನಪಿನಿಂದ ತುಂಬಿಸಲು ಆಗುವುದಿಲ್ಲ, ಆಯಾ ದಿನವೇ ಬರೆದಿಡಬೇಕು. ನೋಂದಣಿ ಭಾರತದಲ್ಲಿ ಕಡ್ಡಾಯವಲ್ಲ, ಆದರೆ ನೋಂದಣಿ ಪುಸ್ತಕದಲ್ಲಿದ್ದದ್ದು ಮೇಲ್ನೋಟದ ಸಾಕ್ಷ್ಯವಾಗುವುದರಿಂದ ಮಾಡಿಸುವುದು ಒಳ್ಳೆಯದು. ಅರ್ಜಿಯಲ್ಲಿ ಎಐ ಮಾಡಿದ್ದನ್ನು ನಿಮ್ಮ ಕೈಕೆಲಸ ಎಂದು ಬರೆಯಬೇಡಿ. ಅಮೆರಿಕದಲ್ಲಿ ಗಣನೀಯ ಎಐ ಭಾಗವನ್ನು ಘೋಷಿಸಲೇಬೇಕು, ಮುಚ್ಚಿಟ್ಟರೆ ನೋಂದಣಿಯೇ ರದ್ದಾಗಬಹುದು. ಲೇಖಕರೇ ಪುಸ್ತಕ ಪ್ರಕಟಿಸಬಹುದಾದ ಅಮೆಜಾನ್‌ನ ಕೆಡಿಪಿ ಸೇವೆಯಲ್ಲಿ ಪುಸ್ತಕ ಹಾಕುವಾಗಲೂ ಪಠ್ಯ, ಚಿತ್ರ, ಅನುವಾದಗಳಲ್ಲಿ ಎಐ ತಯಾರಿಸಿದ್ದು ಯಾವುದು ಎಂದು ಕೇಳುತ್ತಾರೆ. ಎಐ ಮಾಡಿದ ಚಿತ್ರವನ್ನು ಎಷ್ಟೇ ತಿದ್ದಿದ್ದರೂ ಅಲ್ಲಿ ಎಐ ತಯಾರಿಸಿದ್ದು ಎಂದೇ ಗುರುತಿಸಬೇಕು. ನೀವು ಬರೆದ ಮಾತನ್ನು ತಿದ್ದಲು ಮಾತ್ರ ಎಐ ಬಳಸಿದ್ದರೆ ಅದನ್ನು ಘೋಷಿಸಬೇಕಾಗಿಲ್ಲ.